ಸ್ಕಾಟ್‌ಲೆಂಡಿನಲ್ಲಿ ಹೊರಗೆ ಊಟ: ಕೇಳಿ, ಆಮೇಲೆ ತಿನ್ನಿ

ಅಕ್ಕ-ಭಾವ ಎಡಿನ್‌ಬರೋಗೆ ಬಂದ ನಾಲ್ಕನೇ ದಿನ ಉತ್ತರದ ಗುಡ್ಡಗಾಡು ಹೈಲ್ಯಾಂಡ್ಸ್ ಕಡೆ ಹೊರಟೆವು. ಸೆಪ್ಟೆಂಬರ್ ತಿಂಗಳು. ನೀರು ಕಂಡಲ್ಲೆಲ್ಲ ಕಾರು ನಿಲ್ಲಿಸಿ ಫೋಟೊ ತೆಗೆದು, ಉಳಿಯಬೇಕಿದ್ದ ಊರು ತಲುಪಿದಾಗ ರಾತ್ರಿ 8 ಗಂಟೆ 20 ನಿಮಿಷ. ಊರಿಗೆಲ್ಲ ಒಂದೇ ಪಬ್. ಒಳಗೆ ಒಲೆಯ ಬೆಂಕಿ, ಜನ, ನಗು ಎಲ್ಲ ಇತ್ತು. ಊಟ ಮಾತ್ರ ಇರಲಿಲ್ಲ. ಅಡುಗೆಮನೆ 8ಕ್ಕೇ ಮುಚ್ಚಿತ್ತು. ಆ ರಾತ್ರಿ ಮೂರು ಪ್ಯಾಕೆಟ್ ಆಲೂ ಚಿಪ್ಸ್ ಮತ್ತು ಅಕ್ಕ ಊರಿಂದ ತಂದಿದ್ದ ಕೋಡುಬಳೆ ತಿಂದು ಮಲಗಿದೆವು.

ತಪ್ಪು ನನ್ನದೇ. ಇಲ್ಲಿ ಇಷ್ಟು ವರ್ಷ ಇದ್ದೂ ಫೋನ್ ಮಾಡಿ ಕೇಳಲಿಲ್ಲ. ಆ ಎರಡು ವಾರದಲ್ಲಿ ಚೆನ್ನಾಗಿ ಉಂಡ ದಿನ ಯಾವುದು, ಎಡವಟ್ಟಾದ ದಿನ ಯಾವುದು ಎಂದು ನೋಡಿದರೆ ವ್ಯತ್ಯಾಸ ಒಂದೇ: ಕೇಳಿದ್ದೆವೋ ಇಲ್ಲವೋ. ಸ್ಕಾಟ್‌ಲೆಂಡಿನ ಜನ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಖುಷಿಯಾಗಿ ಅರ್ಧ ಗಂಟೆ ಮಾತಾಡುತ್ತಾರೆ. ಆದರೆ ಏನು ಕೇಳಬೇಕು ಅನ್ನುವುದು ನಮಗೆ ಗೊತ್ತಿರಬೇಕು, ಅಲ್ವಾ? ಅದಕ್ಕೇ ಈ ಬರಹ.

ಮೊದಲು ಹೊತ್ತು ನೋಡಿಕೊಳ್ಳಿ

ದೊಡ್ಡ ಊರುಗಳಲ್ಲಿ ತೊಂದರೆ ಇಲ್ಲ. ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ರಾತ್ರಿ 9ರ ಮೇಲೂ ಏನಾದರೂ ಸಿಗುತ್ತದೆ. ಹಳ್ಳಿ ಮತ್ತು ದ್ವೀಪಗಳ ಕಥೆ ಬೇರೆ. ಮಧ್ಯಾಹ್ನದ ಊಟ ಸಾಮಾನ್ಯವಾಗಿ 12ರಿಂದ ಎರಡು, ಎರಡೂವರೆವರೆಗೆ. ಆಮೇಲೆ ಅಡುಗೆಮನೆಗೆ ಬಿಡುವು. ಸಂಜೆ ಮತ್ತೆ ಶುರುವಾಗಿ 8 ಅಥವಾ 8:30ಕ್ಕೆ ಬಂದ್. ಪಬ್ ತೆರೆದಿದೆ ಅಂದ ಮಾತ್ರಕ್ಕೆ ಊಟ ಇದೆ ಎಂದಲ್ಲ. ಫೋನ್ ಮಾಡಿದಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಕೊನೆಯ ಆರ್ಡರ್ ಎಷ್ಟು ಗಂಟೆಗೆ?

ಚಳಿಗಾಲದಲ್ಲಿ ದ್ವೀಪಗಳ ಎಷ್ಟೋ ಹೋಟೆಲ್ಲುಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಆಗಸ್ಟ್‌ನಲ್ಲಿ ಉತ್ಸವಗಳ ಕಾರಣ ಎಡಿನ್‌ಬರೋ ನಮ್ಮ ದಸರೆಯ ಮೈಸೂರಿನ ಹಾಗೆ ತುಂಬಿರುತ್ತದೆ. ಆ ತಿಂಗಳು ಟೇಬಲ್ ಮೊದಲೇ ಹಿಡಿಯದಿದ್ದರೆ ಕಾಲು ನೋವೇ ಗತಿ.

ಬಾಗಿಲ ಹತ್ತಿರ ಒಂದು ಚೀಟಿ ಅಂಟಿಸಿರುತ್ತಾರೆ, ಅದನ್ನೂ ನೋಡಿ. ಇಂಗ್ಲೆಂಡಿನಲ್ಲಿ ಶುಚಿತ್ವಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಸ್ಕಾಟ್‌ಲೆಂಡಿನಲ್ಲಿ ಅಂಕ ಇಲ್ಲ, 'ಪಾಸ್' ಇಲ್ಲವೇ 'ಸುಧಾರಣೆ ಬೇಕು', ಅಷ್ಟೇ. ಲಂಡನ್ನಿನಿಂದ ಬಂದ ಗೆಳತಿಯೊಬ್ಬಳು ಇಲ್ಲಿ ಯಾರಿಗೂ 5 ಸಿಕ್ಕಿಲ್ಲವಲ್ಲ ಎಂದು ಗಾಬರಿಯಾಗಿದ್ದಳು.

ಮಕ್ಕಳಿದ್ದರೆ ಇನ್ನೊಂದು ವಿಷಯ. ಪಬ್‌ನೊಳಗೆ ಮಕ್ಕಳನ್ನು ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ ಎನ್ನುವುದು ಆ ಪಬ್‌ನ ಲೈಸೆನ್ಸ್ ಮೇಲೆ ಹೋಗುತ್ತದೆ. ಟೇಬಲ್ ಹಿಡಿಯುವಾಗಲೇ ಹೇಳಿಬಿಡಿ.

ಮೆನುವಿನ ಮಾತು ಬೇರೆ, ಅರ್ಥ ಬೇರೆ

ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯದಲ್ಲಿ ಮೆನು ಓದಿದರೆ ಇಲ್ಲಿ ಮೋಸ ಹೋಗುತ್ತೀರಿ. 'ಸಪ್ಪರ್' ಅಂದರೆ ರಾತ್ರಿ ಊಟ ಅಂದುಕೊಳ್ಳುತ್ತೇವೆ. ಮೀನು ಕರಿಯುವ ಅಂಗಡಿಯಲ್ಲಿ ಸಪ್ಪರ್ ಅಂದರೆ 'ಜೊತೆಗೆ ಚಿಪ್ಸ್ ಇದೆ' ಎಂದಷ್ಟೇ ಅರ್ಥ. ಈ ಚಿಪ್ಸ್ ಪ್ಯಾಕೆಟ್ಟಿನದಲ್ಲ, ಉದ್ದುದ್ದ ಕತ್ತರಿಸಿ ಕರಿದ ಬಿಸಿ ಆಲೂಗಡ್ಡೆ. 'ಟೀ' ಅಂದರೆ ಎಷ್ಟೋ ಮನೆಗಳಲ್ಲಿ ಸಂಜೆಯ ಊಟ. 'ಪೀಸ್' ಅಂದರೆ ಸ್ಯಾಂಡ್‌ವಿಚ್. 'ಜ್ಯೂಸ್' ಕೇಳಿದರೆ ಹಣ್ಣಿನ ರಸವೇ ಬರುತ್ತದೆಂದಿಲ್ಲ, ಬಾಟಲಿಯ ಸೋಡಾ ಪಾನೀಯಗಳಿಗೂ ಜನ ಜ್ಯೂಸ್ ಎನ್ನುತ್ತಾರೆ. 'ಟ್ಯಾಟಿ' ಆಲೂಗಡ್ಡೆ. 'ನೀಪ್' ಹಳದಿ ಬಣ್ಣದ ಒಂದು ಗಡ್ಡೆ, ನಮ್ಮ ನವಿಲುಕೋಸಿನ ದೂರದ ನೆಂಟ. 'ಪುಡ್ಡಿಂಗ್' ಸಿಹಿಯೂ ಆಗಬಹುದು, ರಕ್ತ ತುಂಬಿದ ಸಾಸೇಜೂ ಆಗಬಹುದು.

ಅಕ್ಕ ನಾಲ್ಕು ವರ್ಷದಿಂದ ಮಾಂಸ ಬಿಟ್ಟಿದ್ದಾಳೆ. ಎರಡನೇ ದಿನ ಒಂದು ಕೆಫೆಯಲ್ಲಿ ಲೆಂಟಿಲ್ ಸೂಪ್ ನೋಡಿ ಮುಖ ಅರಳಿತು. ತೊವ್ವೆ ತಾನೇ! ಬಂದದ್ದೂ ಹಾಗೇ ಇತ್ತು. ಕೆಂಪು ಮಸೂರ್ ಬೇಳೆ, ಕ್ಯಾರೆಟ್, ಬಿಸಿ ಹೊಗೆ. ಮೂರನೇ ಚಮಚಕ್ಕೆ ಬಾಯಿಗೆ ಗುಲಾಬಿ ಬಣ್ಣದ ಒಂದು ಎಳೆ ಸಿಕ್ಕಿತು. ಹಂದಿ ಮಾಂಸ. ಇಲ್ಲಿ ಈ ಸೂಪನ್ನು ಹಂದಿಕಾಲಿನ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುವುದು ಹಳೆಯ ಪದ್ಧತಿ. ತರಕಾರಿ ನೀರಿನಲ್ಲಿ ಮಾಡುವವರೂ ಬೇಕಾದಷ್ಟಿದ್ದಾರೆ, ಆದರೆ ಕೇಳದೆ ಗೊತ್ತಾಗುವುದಿಲ್ಲ.

ಹಾಗಾಗಿ ಮಾಂಸ ತಿನ್ನದವರು ಮತ್ತು ದನ-ಹಂದಿ ಬೇಡ ಎನ್ನುವವರು ಇಷ್ಟು ನೆನಪಿಟ್ಟುಕೊಳ್ಳಿ. ಹ್ಯಾಗಿಸ್ ಎಂಬ ಇಲ್ಲಿನ ಹೆಸರಾದ ಖಾದ್ಯದಲ್ಲಿ ಕುರಿಯ ಮಾಂಸ ಇದ್ದರೂ ಸೇರಿಸುವ ಕೊಬ್ಬು ಎಷ್ಟೋ ಸಲ ದನದ್ದು. ರಕ್ತದ ಸಾಸೇಜಾದ ಬ್ಲ್ಯಾಕ್ ಪುಡ್ಡಿಂಗ್‌ನಲ್ಲೂ ಹಾಗೇ. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕ್ಲೂಟಿ ಡಂಪ್ಲಿಂಗ್ ನೋಡಲು ಒಣದ್ರಾಕ್ಷಿ ಕೇಕಿನಂತಿದ್ದರೂ ಒಳಗೆ ಪ್ರಾಣಿಯ ಕೊಬ್ಬಿರುತ್ತದೆ. ಅಬರ್ಡೀನಿನ 'ಬಟರಿ' ಎಂಬ ಉಪ್ಪುಪ್ಪು ರೊಟ್ಟಿಗೆ ಹೆಸರೇನೋ ಬೆಣ್ಣೆಯದು, ಹಳೆಯ ವಿಧಾನದಲ್ಲಿ ಹಾಕುವುದು ಹಂದಿ ಕೊಬ್ಬು. ಚಿಪ್ಸನ್ನೂ ಕೆಲವು ಅಂಗಡಿಗಳು ದನದ ಕೊಬ್ಬಿನಲ್ಲೇ ಕರಿಯುತ್ತವೆ. 'ಇದು ವೆಜಿಟೇರಿಯನ್ನಾ?' ಎಂದು ಕೇಳುವುದಕ್ಕಿಂತ 'ಯಾವುದರಲ್ಲಿ ಕರಿಯುತ್ತೀರಿ? ಯಾವ ನೀರಿನಲ್ಲಿ ಬೇಯಿಸಿದ್ದೀರಿ?' ಎಂದು ಕೇಳಿ. ಉತ್ತರ ಸರಿಯಾಗಿ ಬರುತ್ತದೆ. ಅಲರ್ಜಿ ಇದ್ದರಂತೂ ಸಂಕೋಚವೇ ಬೇಡ. ಕಾನೂನು ಪಟ್ಟಿ ಮಾಡಿರುವ 14 ಪದಾರ್ಥಗಳ ಬಗ್ಗೆ ಅವರು ಮಾಹಿತಿ ಕೊಡಲೇಬೇಕು.

ಮಾಂಸ ಬೇಡದವರು ಬಡಪಾಯಿಗಳೇನಲ್ಲ. ಸಸ್ಯಾಹಾರಿ ಹ್ಯಾಗಿಸ್ ಇದೆ, ಅದರ ಮಾತು ಮುಂದೆ ಬರುತ್ತದೆ. ಬೇಕರಿಯಲ್ಲಿ ಮ್ಯಾಕರೋನಿ ಪೈ ಸಿಗುತ್ತದೆ: ಗಟ್ಟಿ ಹಿಟ್ಟಿನ ಬಟ್ಟಲೊಳಗೆ ಚೀಸ್ ಹಾಕಿದ ಮ್ಯಾಕರೋನಿ. ಹಿಟ್ಟಿನೊಳಗೆ ಹಿಟ್ಟು ಎಂದು ಅಕ್ಕ ನಕ್ಕಳು. ಚಳಿಯಲ್ಲಿ ನಿಂತು ತಿಂದ ಮೇಲೆ ಇನ್ನೊಂದು ಕೊಡಿಸು ಅಂದಳು. ಆದರೆ ಪೈಯ ಹೊರಗಿನ ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಅನ್ನುವುದನ್ನೂ ಕೇಳಿಯೇ ತಿನ್ನಿ.

ಬೆಳಗಿನ ತಿಂಡಿ

ಫುಲ್ ಸ್ಕಾಟಿಷ್ ಬ್ರೇಕ್‌ಫಾಸ್ಟ್ ಎಂದರೆ ಮೊಟ್ಟೆ, ಬೇಕನ್, ಬೀನ್ಸ್, ಅಣಬೆ, ಟೊಮೆಟೊ. ಜೊತೆಗೆ ಇಲ್ಲಿಯದೇ ಆದ ಮೂರು: ಚೌಕಾಕಾರದ ಲಾರ್ನ್ ಸಾಸೇಜ್, ಬ್ಲ್ಯಾಕ್ ಪುಡ್ಡಿಂಗ್ ಅಥವಾ ಹ್ಯಾಗಿಸ್‌ನ ಒಂದು ಬಿಲ್ಲೆ, ಮತ್ತು ಟ್ಯಾಟಿ ಸ್ಕೋನ್. ಈ ಕೊನೆಯದು ನಮ್ಮವರಿಗೆ ತಕ್ಷಣ ಹಿಡಿಸುತ್ತದೆ. ಬೇಯಿಸಿದ ಆಲೂಗಡ್ಡೆಗೆ ಹಿಟ್ಟು, ಬೆಣ್ಣೆ ಸೇರಿಸಿ ತಟ್ಟಿ ಕಾವಲಿ ಮೇಲೆ ಬೇಯಿಸಿದ್ದು. ತೆಳ್ಳನೆಯ ಆಲೂ ಪರೋಟ ಅನ್ನಿ. ಇಷ್ಟನ್ನೂ ಬೆಳಿಗ್ಗೆ ತಿಂದರೆ ಮಧ್ಯಾಹ್ನದ ಊಟದ ದುಡ್ಡು ಉಳಿಯಿತು. ಉತ್ಪ್ರೇಕ್ಷೆಯಲ್ಲ, ನಾವು ಎರಡು ದಿನ ಹಾಗೇ ಮಾಡಿದೆವು.

ಓಟ್ಸ್ ಗಂಜಿಯನ್ನು ಹಳೆಯ ಕಾಲದವರು ನೀರು, ಉಪ್ಪು ಎರಡೇ ಹಾಕಿ ಮಾಡುತ್ತಾರೆ. ಕಲಕಲು 'ಸ್ಪರ್ಟಲ್' ಎಂಬ ಉದ್ದನೆಯ ಮರದ ಕೋಲು, ಹೆಚ್ಚುಕಡಿಮೆ ನಮ್ಮ ಮುದ್ದೆ ಕೋಲಿನ ಚಿಕ್ಕ ತಮ್ಮ. 'ಏನೇ, ಇಷ್ಟು ದೂರ ಬಂದು ಇಲ್ಲೂ ಉಪ್ಪು ಗಂಜೀನಾ?' ಎಂದಳು ಅಕ್ಕ. ಇಲ್ಲಿ ಅದಕ್ಕೊಂದು ವಿಶ್ವ ಚಾಂಪಿಯನ್‌ಶಿಪ್ಪೇ ಇದೆ ಎಂದರೆ ನಂಬಲಿಲ್ಲ. ಹೈಲ್ಯಾಂಡ್ಸ್‌ನ ಕಾರ್‌ಬ್ರಿಜ್ ಎಂಬ ಪುಟ್ಟ ಊರಿನಲ್ಲಿ 1994ರಿಂದ ನಡೆಯುತ್ತಿದೆ. ಗೆದ್ದವರಿಗೆ ಚಿನ್ನದ ಬಣ್ಣದ ಸ್ಪರ್ಟಲ್. ಮುಖ್ಯ ಸುತ್ತಿನಲ್ಲಿ ಓಟ್ಸ್, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವಂತಿಲ್ಲ. ಅಕ್ಟೋಬರ್‌ನಲ್ಲಿ ಆ ಕಡೆ ಹೋಗುವವರಿದ್ದರೆ ದಿನ ನೋಡಿಕೊಂಡು ಹೋಗಿ.

ಚಿಪ್ಪಿಯಲ್ಲಿ ನಿಂತಾಗ

ಮೀನು, ಚಿಪ್ಸ್ ಕರಿಯುವ ಅಂಗಡಿಗೆ ಎಲ್ಲರೂ 'ಚಿಪ್ಪಿ' ಎನ್ನುತ್ತಾರೆ. ಚಿಪ್ಸ್ ಸಮೇತ ಬೇಕಾದರೆ 'ಫಿಶ್ ಸಪ್ಪರ್' ಎನ್ನಿ, ಮೀನು ಮಾತ್ರ ಸಾಕಾದರೆ 'ಸಿಂಗಲ್ ಫಿಶ್'. ಬೇರೆ ಹೆಸರು ಹೇಳದಿದ್ದರೆ ಸಾಮಾನ್ಯವಾಗಿ ಬರುವುದು ಹ್ಯಾಡಕ್ ಮೀನು. ಇಂಗ್ಲೆಂಡಿನಲ್ಲಿ ಕಾಡ್ ಹೆಚ್ಚು, ಇಲ್ಲಿ ಹ್ಯಾಡಕ್ಕೇ ರಾಜ. ಒಂದು ಸಪ್ಪರ್ ಇಬ್ಬರಿಗೆ ಸಾಕು. ಮೂವರಿಗೆ ಮೂರು ತಗೊಂಡು ಅರ್ಧ ಬಿಸಾಡಬೇಡಿ.

ಕಾಗದದಲ್ಲಿ ಸುತ್ತುವ ಮುಂಚೆ ಒಂದು ಪ್ರಶ್ನೆ ಬರುತ್ತದೆ. ಎಡಿನ್‌ಬರೋದಲ್ಲಿ 'ಸಾಲ್ಟ್ ಆ್ಯಂಡ್ ಸಾಸ್?' ಗ್ಲಾಸ್ಗೋ ಕಡೆ 'ಸಾಲ್ಟ್ ಆ್ಯಂಡ್ ವಿನಿಗರ್?' ಎಡಿನ್‌ಬರೋ ಸಾಸ್ ಕಂದು ಬಣ್ಣದ್ದು, ತೆಳ್ಳಗೆ, ಹುಳಿಹುಳಿ. ಎರಡು ಊರುಗಳ ನಡುವೆ ರೈಲಿನಲ್ಲಿ ಒಂದು ಗಂಟೆಯೂ ದೂರವಿಲ್ಲ. ಆದರೂ ಈ ವಿಷಯದಲ್ಲಿ ಜಗಳ ಮುಗಿದಿಲ್ಲ. ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಹಾಗೆ. ನನ್ನ ಮಟ್ಟಿಗೆ ಸಾಸೇ ಸರಿ, ಒಂದು ಕೈ ಜಾಸ್ತಿ ಹಾಕಿಸಿಕೊಳ್ಳಿ.

ಫೈಫ್ ಕರಾವಳಿಯ ಆನ್‌ಸ್ಟ್ರದರ್ ಮೀನು ಸಪ್ಪರ್‌ಗೆ ಹೆಸರಾದ ಬಂದರು. ಅಲ್ಲಿ ಗೋಡೆ ಮೇಲೆ ಕೂತು, ಪೊಟ್ಟಣ ತೊಡೆ ಮೇಲಿಟ್ಟುಕೊಂಡು, ಬೆರಳು ಸುಟ್ಟುಕೊಳ್ಳುತ್ತಾ ತಿನ್ನಬೇಕು. ಬೆನ್ನು ಮಾತ್ರ ಗೋಡೆಗೋ ಕಟ್ಟಡಕ್ಕೋ ಇರಲಿ. ಭಾವನ ಕೈಯಿಂದ ಒಂದು ಕಡಲಹಕ್ಕಿ ಹಿಂದಿನಿಂದ ಬಂದು ಅಂಗೈಯಗಲದ ಮೀನಿನ ತುಂಡನ್ನೇ ಎತ್ತಿಕೊಂಡು ಹೋಯಿತು. ಭಾವ ಕುಂದಾಪುರದವರು. 'ನಮ್ಮೂರ ಕಾಗೆಗಾದರೂ ಸ್ವಲ್ಪ ನಾಚಿಕೆ ಇದೆ' ಎಂದರು.

ಎಣ್ಣೆಯಲ್ಲಿ ಕರಿದ ಮಾರ್ಸ್ ಚಾಕೊಲೇಟ್ ಕೂಡ ಕೆಲವು ಚಿಪ್ಪಿಗಳಲ್ಲಿ ಸಿಗುತ್ತದೆ. 1990ರ ದಶಕದಲ್ಲಿ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಶುರುವಾದದ್ದು. ಒಮ್ಮೆ ತಿಂದು ಫೋಟೊ ಹಾಕಲು ಸರಿ. ಸ್ಥಳೀಯರು ಅದನ್ನೇ ತಿಂದು ಬದುಕುತ್ತಾರೆ ಅಂದುಕೊಳ್ಳಬೇಡಿ. ಜೊತೆಗೆ ಕುಡಿಯಲು ಅರ್ನ್ ಬ್ರೂ ತಗೊಳ್ಳಿ. 1901ರಿಂದ ಇರುವ ಈ ಕಿತ್ತಳೆ ಬಣ್ಣದ ಸೋಡಾದ ರುಚಿ ಹೇಗೆ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಅಕ್ಕನ ಪ್ರಕಾರ ಅದು ಮಕ್ಕಳ ಜ್ವರದ ಸಿರಪ್.

ಹ್ಯಾಗಿಸ್‌ಗೆ ಹೆದರಬೇಡಿ

ಕುರಿಯ ಹೃದಯ, ಲಿವರ್, ಶ್ವಾಸಕೋಶ ಸಣ್ಣಗೆ ಕೊಚ್ಚಿ, ಓಟ್ಸ್ ನುಚ್ಚು, ಈರುಳ್ಳಿ, ಕೊಬ್ಬು, ಕಾಳುಮೆಣಸು ಸೇರಿಸಿ, ಕುರಿಯ ಹೊಟ್ಟೆಚೀಲದೊಳಗೆ ತುಂಬಿ ಬೇಯಿಸಿದ್ದು ಹ್ಯಾಗಿಸ್. ಈಗ ಹೆಚ್ಚಾಗಿ ಬೇರೆ ಹೊದಿಕೆ ಬಳಸುತ್ತಾರೆ. ವಿವರಣೆ ಕೇಳಿ ಬೇರೆ ದೇಶದವರು ಮುಖ ಹಿಂಡುತ್ತಾರೆ. ಬೋಟಿ ಗೊಜ್ಜು ತಿಂದು ಬೆಳೆದವರಿಗೆ ಇದರಲ್ಲಿ ಹೆದರುವಂಥದ್ದು ಏನಿದೆ? ತಟ್ಟೆಯಲ್ಲಿ ಬಂದಾಗ ಅದು ಕಂದು ಬಣ್ಣದ, ಪುಡಿಪುಡಿಯಾದ, ಮೆಣಸಿನ ಖಾರದ ಖೀಮಾ. ಪಕ್ಕದಲ್ಲಿ ಹಿಸುಕಿದ ನೀಪ್ ಮತ್ತು ಹಿಸುಕಿದ ಟ್ಯಾಟಿ. ಮೂರನ್ನೂ ಒಂದೇ ತುತ್ತಿನಲ್ಲಿ ತೆಗೆದುಕೊಂಡರೆ ನೀಪ್‌ನ ಸಣ್ಣ ಸಿಹಿ ಮೆಣಸಿನ ಖಾರಕ್ಕೆ ಸರಿಯಾಗಿ ಹೊಂದುತ್ತದೆ. ಬೇರೆಬೇರೆ ತಿಂದರೆ ಸಪ್ಪೆ.

ಮೊದಲ ಸಲ ತಿನ್ನುವವರು ಇಡೀ ತಟ್ಟೆ ತರಿಸಬೇಡಿ. ಸ್ಟಾರ್ಟರ್ ಆಗಿ ಚಿಕ್ಕ ತಟ್ಟೆ ಸಿಗುತ್ತದೆಯೇ ಎಂದು ಕೇಳಿ. ಪುಟ್ಟ ಉಂಡೆ ಮಾಡಿ ಕರಿದ ಹ್ಯಾಗಿಸ್ ಬಾನ್‌ಬಾನ್ ತುಂಬ ಕಡೆ ಇರುತ್ತದೆ. ಗ್ಲಾಸ್ಗೋದಲ್ಲಾದರೆ ಹ್ಯಾಗಿಸ್ ಪಕೋಡ!

ಸಸ್ಯಾಹಾರಿ ಹ್ಯಾಗಿಸ್ ಹಿಂದೆ ಒಂದು ಚಂದದ ಕಥೆ ಇದೆ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಕವಿತೆಗೆಂದೇ ಒಂದು ಗ್ರಂಥಾಲಯ ಶುರುವಾಯಿತು. ಅದರ ಪ್ರಾರಂಭದ ಸಮಾರಂಭಕ್ಕೆಂದು ಮ್ಯಾಕ್‌ಸ್ವೀನ್ ಎಂಬ ಹ್ಯಾಗಿಸ್ ಮಾಡುವ ಮನೆತನ ಇದನ್ನು ತಯಾರಿಸಿತು. ಕಾಳು, ಬೇಳೆ, ಓಟ್ಸ್, ತರಕಾರಿ, ಬೀಜಗಳು, ಅದೇ ಮೆಣಸಿನ ಮಸಾಲೆ. ಈಗ ಅದು ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಅಸಲಿ ಹ್ಯಾಗಿಸ್‌ಗಿಂತ ಇದೇ ಚೆನ್ನ ಎಂದು ನನಗೆ ಅನ್ನಿಸಿದ್ದಿದೆ. ಇಲ್ಲಿನ ಗೆಳೆಯರ ಮುಂದೆ ಹೇಳುವುದಿಲ್ಲ, ಅಷ್ಟೇ.

ಮೀನು: ಹೊಗೆಯ ಹತ್ತಿರಕ್ಕೇ ಹೋಗಿ

ಹಾಲು ಕುಡಿದು ಮೀನು ತಿನ್ನಬಾರದು, ತೊನ್ನು ಬರುತ್ತೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಹಾಗಾಗಿ ಕಲ್ಲನ್ ಸ್ಕಿಂಕ್ ಅಂದರೆ ಏನೆಂದು ನಾನು ಬಿಡಿಸಿ ಹೇಳಿದಾಗ ಭಾವ ಕುರ್ಚಿ ಹಿಂದೆ ಸರಿಸಿದರು. ಹೊಗೆ ಹಿಡಿಸಿದ ಹ್ಯಾಡಕ್, ಆಲೂಗಡ್ಡೆ, ಈರುಳ್ಳಿ, ಹಾಲು. ಅಷ್ಟೇ. ಮೋರೆ ಕರಾವಳಿಯ ಕಲ್ಲನ್ ಎಂಬ ಮೀನುಗಾರರ ಊರಿನ ಹೆಸರಿನ ಸೂಪ್. ನನ್ನ ಬಟ್ಟಲಿನಿಂದ ಒಂದು ಚಮಚ ತಗೊಂಡರು. ಆಮೇಲೆ ಮಾತಿಲ್ಲದೆ ಬಟ್ಟಲನ್ನೇ ತಮ್ಮ ಕಡೆ ಎಳೆದುಕೊಂಡರು. ಮಳೆ ಬರುವ ಮಧ್ಯಾಹ್ನ ಇದೊಂದು ಬಟ್ಟಲು, ಒಂದು ತುಂಡು ಬ್ರೆಡ್ ಇದ್ದರೆ ಬೇರೆ ಊಟ ಬೇಡ.

ಇನ್ನೊಂದು, ಆರ್ಬ್ರೋತ್ ಸ್ಮೋಕಿ: ಪೂರ್ವ ಕರಾವಳಿಯ ಆರ್ಬ್ರೋತ್ ಊರಿನ ಹೊಗೆ ಹಿಡಿಸಿದ ಹ್ಯಾಡಕ್. ಇದಕ್ಕಾಗಿಯೇ ಒಂದು ದಿನ ಮೀಸಲಿಡಿ. ಮೈಸೂರು ಮಲ್ಲಿಗೆಗೆ ಇದೆಯಲ್ಲ, ಅಂಥದೇ ಊರಿನ ಹೆಸರಿನ ಹಕ್ಕು (ಜಿಐ) ಇದಕ್ಕೂ ಇದೆ. 2004ರಲ್ಲಿ ಸಿಕ್ಕಿದ್ದು. ಆರ್ಬ್ರೋತ್ ಸುತ್ತ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಉಪ್ಪು ಹಚ್ಚಿದ ಹ್ಯಾಡಕ್‌ಗಳನ್ನು ಎರಡೆರಡು ಬಾಲ ಸೇರಿಸಿ ದಾರದಿಂದ ಕಟ್ಟುತ್ತಾರೆ. ಕೋಲಿನ ಮೇಲೆ ನೇತುಹಾಕಿ, ಕೆಳಗೆ ಗಟ್ಟಿ ಮರದ ಬೆಂಕಿ ಹಾಕಿ, ಮೇಲೆ ಒದ್ದೆ ಗೋಣಿ ಮುಚ್ಚುತ್ತಾರೆ. ಹೊಗೆ, ಬಿಸಿ, ಹಬೆ ಮೂರೂ ಒಳಗೇ ತಿರುಗುತ್ತವೆ. ಗೋಣಿ ತೆಗೆದಾಗ ಮೀನಿನ ಮೈ ತಾಮ್ರದ ಬಣ್ಣ.

ಕೊಂಡು ಮನೆಗೆ ಒಯ್ಯಬೇಡಿ, ಅಲ್ಲೇ ತಿನ್ನಿ. ಕಾಗದದ ಮೇಲಿಟ್ಟು, ಹೊಟ್ಟೆಯ ಕಡೆಯಿಂದ ಹೆಬ್ಬೆರಳು ತೂರಿಸಿ ಬಿಡಿಸಿದರೆ ಮೀನು ಪುಸ್ತಕದಂತೆ ತೆರೆದುಕೊಳ್ಳುತ್ತದೆ. ನಡುಮೂಳೆಯನ್ನು ಬಾಲದ ಕಡೆಯಿಂದ ಎತ್ತಿದರೆ ಒಂದೇ ಸಲಕ್ಕೆ ಬರುತ್ತದೆ. ಒಳಗಿನ ಮಾಂಸ ಬೆಳ್ಳಗೆ, ತೇವವಾಗಿ, ಬಿಸಿಯಾಗಿ ಪದರ ಪದರ. ಚಮಚ ಕೇಳಬೇಡಿ. ಕೈಯಲ್ಲಿ ತಿನ್ನುವುದರಲ್ಲಿ ನಮಗಿಂತ ಪಳಗಿದವರು ಯಾರಿದ್ದಾರೆ? ಕೈಯ ಹೊಗೆ ವಾಸನೆ ಮರುದಿನದವರೆಗೂ ಹೋಗಲಿಲ್ಲ. ಭಾವನಿಗೆ ಅದರ ಬಗ್ಗೆ ದೂರಿರಲಿಲ್ಲ.

ಪಶ್ಚಿಮ ಕರಾವಳಿಯ ಓಬನ್ ಕಡೆ ಹೋದರೆ ಬಂದರಿನ ಮೀನಂಗಡಿಗಳಲ್ಲಿ ಸಿಂಪಿ, ಮಸಲ್ಸ್, ಉದ್ದ ಕೊಂಡಿಯ ಲಂಗೋಸ್ಟೀನ್ ಎಂಬ ಸೀಗಡಿ ಸಿಗುತ್ತವೆ. ಬೆಲೆಯ ಹಲಗೆಯಲ್ಲಿ ಒಂದಕ್ಕೋ, ನೂರು ಗ್ರಾಮಿಗೋ ಎಂದು ನೋಡಿಕೊಂಡು ಆರ್ಡರ್ ಮಾಡಿ.

ಸಿಹಿ ಮತ್ತು ಸಂತೆ

ಎಡಿನ್‌ಬರೋದಲ್ಲಿ ಶನಿವಾರ ಬೆಳಿಗ್ಗೆ ಕೋಟೆಯ ಕೆಳಗಿನ ಕ್ಯಾಸಲ್ ಟೆರೇಸ್‌ನಲ್ಲಿ ರೈತರ ಸಂತೆ, ಭಾನುವಾರ ಸ್ಟಾಕ್‌ಬ್ರಿಜ್‌ನಲ್ಲಿ ಇನ್ನೊಂದು. ಬೆಳೆದವರೇ ನಿಂತು ಮಾರುತ್ತಾರೆ. ಬೇಸಗೆಯಲ್ಲಿ ಪರ್ತ್‌ಶೈರ್, ಆಂಗಸ್ ಕಡೆಯ ರಾಸ್ಪ್‌ಬೆರಿ ಬಂದಾಗ ತಪ್ಪಿಸಬೇಡಿ. ಅದೇ ಹಣ್ಣಿಗೆ ಕೆನೆ, ಜೇನು, ಹುರಿದ ಓಟ್ಸ್, ಒಂದು ಚೂರು ವಿಸ್ಕಿ ಸೇರಿಸಿದರೆ ಕ್ರ್ಯಾನಕನ್ ಎಂಬ ಸಿಹಿ. ವಿಸ್ಕಿ ಬೇಡದವರು ಮೊದಲೇ ಹೇಳಿ.

ಊರಿಗೆ ಒಯ್ಯಲು 'ಟ್ಯಾಬ್ಲೆಟ್' ತಗೊಳ್ಳಿ. ಮಾತ್ರೆ ಅಲ್ಲ, ಸಕ್ಕರೆ, ಬೆಣ್ಣೆ, ಕಂಡೆನ್ಸ್‌ಡ್ ಹಾಲು ಕಾಯಿಸಿ ಹರಡಿ ಕತ್ತರಿಸಿದ ಬರ್ಫಿ. ಬಾಯಲ್ಲಿಟ್ಟರೆ ಮರಳು ಮರಳಾಗಿ ಕರಗುತ್ತದೆ. ನಮ್ಮ ಅಂಗಡಿ ಬರ್ಫಿಯನ್ನೂ ಮೀರಿಸುವ ಸಿಹಿ.

ಪಬ್, ವಿಸ್ಕಿ, ಬಿಲ್ಲು

ಪಬ್‌ನಲ್ಲಿ ಕೂತು ವೇಟರ್‌ಗೆ ಕಾದರೆ ಕಾಯುತ್ತಲೇ ಇರುತ್ತೀರಿ. ಹೆಚ್ಚಿನ ಕಡೆ ಬಾರ್ ಹತ್ತಿರ ನೀವೇ ಹೋಗಿ ಟೇಬಲ್ ನಂಬರ್ ಹೇಳಿ, ಆರ್ಡರ್ ಮಾಡಿ, ದುಡ್ಡು ಕೊಡಬೇಕು. ಗೆಳೆಯರ ಜೊತೆ ಹೋದರೆ 'ರೌಂಡ್' ಪದ್ಧತಿ: ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುವುದು. ನಿಮ್ಮ ಸರದಿ ಬರುವ ಮುಂಚೆ ಎದ್ದು ಹೋದರೆ ನೆನಪಿಟ್ಟುಕೊಳ್ಳುತ್ತಾರೆ. ನೀವು ನಿಂಬೆ ಸೋಡಾ ಕುಡಿದರೂ ರೌಂಡಿನಲ್ಲಿ ಸೇರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮದ್ಯದ ಲೈಸೆನ್ಸ್ ಇರುವ ಕಡೆ ನಲ್ಲಿ ನೀರು ಕೇಳಿದರೆ ಬಿಟ್ಟಿಯಾಗಿ ಕೊಡಬೇಕು ಎಂದು ಕಾನೂನೇ ಇದೆ. ಇಲ್ಲಿನ ನಲ್ಲಿ ನೀರು ಸಿಹಿ ನೀರು. ಬಾಟಲಿಗೆ ದುಡ್ಡು ಸುರಿಯಬೇಡಿ.

ವಿಸ್ಕಿಯ ಒಂದು ಅಳತೆ 25 ಅಥವಾ 35 ಮಿಲಿ. ನಮ್ಮ 60 ಮಿಲಿ ಲಾರ್ಜ್ ರೂಢಿಯಾದವರಿಗೆ ಲೋಟದಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ. ಸ್ಕಾಚ್ ಎಂಬ ಹೆಸರು ಸುಮ್ನೆ ಬರುವುದಿಲ್ಲ. ಸ್ಕಾಟ್‌ಲೆಂಡಿನಲ್ಲೇ, ಓಕ್ ಮರದ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಇದ್ದು, ಕನಿಷ್ಠ ಶೇಕಡಾ 40 ಆಲ್ಕೋಹಾಲ್ ಇರಬೇಕು. ಐದು ಪ್ರದೇಶಗಳು: ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಐಲಾ, ಕ್ಯಾಂಬೆಲ್‌ಟೌನ್. ಹೊಸಬರು ಸ್ಪೇಸೈಡಿನಿಂದ ಶುರು ಮಾಡಿದರೆ ಸುಲಭ, ಅಲ್ಲಿನದು ಹೆಚ್ಚಾಗಿ ಮೃದು. ಐಲಾ ದ್ವೀಪದ ಎಷ್ಟೋ ವಿಸ್ಕಿಗಳಲ್ಲಿ ಮೊಳಕೆ ಬಾರ್ಲಿಯನ್ನು ಪೀಟ್ ಎಂಬ ಒಣಗಿದ ಜೌಗು ಮಣ್ಣು ಉರಿಸಿ ಒಣಗಿಸುತ್ತಾರೆ. ಅದರ ಹೊಗೆ ವಾಸನೆ ಕೆಲವರಿಗೆ ಪ್ರಾಣ, ಕೆಲವರಿಗೆ ಆಸ್ಪತ್ರೆಯ ಟಿಂಚರ್. ಮೊದಲು ಮೂಸಿ, ಸ್ವಲ್ಪ ಹಾಗೇ ಕುಡಿದು, ಆಮೇಲೆ ನಾಲ್ಕು ಹನಿ ನೀರು ಹಾಕಿ. ನೀರು ಹಾಕಿದರೆ ಅವಮಾನ ಎಂದುಕೊಳ್ಳಬೇಡಿ, ಅದಕ್ಕೆಂದೇ ಬಾರ್ ಮೇಲೆ ಹೂಜಿ ಇಟ್ಟಿರುತ್ತಾರೆ.

ಇಲ್ಲಿ ನಮ್ಮದೂ ಒಂದು ಮಾತಿದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾದದ್ದು 2004ರಲ್ಲಿ, ಗ್ಲಾಸ್ಗೋದ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ. ಹುಲಿಯ ಗುಹೆಗೇ ಹೋಗಿ ಮಾರಿದಂತೆ. ಸ್ಕಾಟ್‌ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗುತ್ತದೆ, ಅದಕ್ಕೆ 'ದೇವತೆಗಳ ಪಾಲು' ಎನ್ನುತ್ತಾರೆ. ಬೆಂಗಳೂರಿನ ಬಿಸಿಲಿನಲ್ಲಿ ದೇವತೆಗಳು ಅದರ ಹಲವು ಪಟ್ಟು ಕುಡಿಯುತ್ತಾರೆ. ಹಾಗಾಗಿ ನಮ್ಮ ವಿಸ್ಕಿ ಬೇಗ ಮಾಗುತ್ತದೆ.

ಕಾರು ಓಡಿಸುವವರು ಇದನ್ನು ಎರಡು ಸಲ ಓದಿ. 2014ರ ಡಿಸೆಂಬರ್‌ನಿಂದ ಸ್ಕಾಟ್‌ಲೆಂಡಿನ ಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್. ಇಂಗ್ಲೆಂಡಿನ 80ಕ್ಕಿಂತ ಬಿಗಿ. ಒಂದು ಪೈಂಟ್ ಬಿಯರ್ ಕೂಡ ಮಿತಿ ದಾಟಿಸಬಹುದು. ಡಿಸ್ಟಿಲರಿ ನೋಡಲು ಹೋದಾಗ 'ಡ್ರೈವರ್ ನಾನು' ಎಂದು ಹೇಳಿ. ಎಷ್ಟೋ ಕಡೆ ನಿಮ್ಮ ಪಾಲನ್ನು ಪುಟ್ಟ ಬಾಟಲಿಗೆ ತುಂಬಿ ಕೊಡುತ್ತಾರೆ, ರಾತ್ರಿ ರೂಮಿನಲ್ಲಿ ಕುಡಿಯಬಹುದು. ಅಂಗಡಿಗಳಲ್ಲಿ ಮದ್ಯ ಮಾರುವುದು ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ. ಊರಿಗೆ ಸುಂಕವಿಲ್ಲದೆ ಒಯ್ಯಬಹುದಾದ್ದು ಒಬ್ಬರಿಗೆ 2 ಲೀಟರ್.

ಟಿಪ್ಸ್ ಕಡ್ಡಾಯವಲ್ಲ. ಟೇಬಲ್‌ಗೆ ಬಂದು ಬಡಿಸಿದರೆ ಶೇಕಡಾ 10 ಕೊಡುವುದು ರೂಢಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಮೊದಲೇ ಸೇರಿದೆಯೇ ನೋಡಿ, ಸೇರಿದ್ದರೆ ಮತ್ತೆ ಕೊಡುವುದು ಎರಡು ಸಲ ಕೊಟ್ಟಂತೆ. ಬಾರ್‌ನಲ್ಲಿ ನಿಂತು ಒಂದು ಬಿಯರ್ ತಗೊಂಡದ್ದಕ್ಕೆ ಯಾರೂ ನಿರೀಕ್ಷಿಸುವುದಿಲ್ಲ.

ಖಾರ ಬೇಕೆನ್ನಿಸಿದಾಗ

ಐದಾರು ದಿನಕ್ಕೆ ನಾಲಿಗೆ ಒದ್ದಾಡುತ್ತದೆ. ಗ್ಲಾಸ್ಗೋಗೆ ಹೋಗಿ. ಚಿಕನ್ ಟಿಕ್ಕಾ ಮಸಾಲ ಹುಟ್ಟಿದ್ದೇ ಇಲ್ಲಿ ಎಂದು ಅಲ್ಲಿನ ಶೀಶ್ ಮಹಲ್ ರೆಸ್ಟೋರೆಂಟಿನವರ ವಾದ. ಗಿರಾಕಿಯೊಬ್ಬ ಕೋಳಿ ಒಣಕಲಾಗಿದೆ ಎಂದದ್ದಕ್ಕೆ ಟೊಮೆಟೊ ಸೂಪ್ ಹಾಕಿ ಮಾಡಿದ್ದಂತೆ. 2009ರಲ್ಲಿ ಗ್ಲಾಸ್ಗೋದ ಸಂಸದ ಮೊಹಮ್ಮದ್ ಸರ್ವರ್ ಇದಕ್ಕೆ ಊರಿನ ಹೆಸರಿನ ಹಕ್ಕು ಬೇಕೆಂದು ಬ್ರಿಟಿಷ್ ಸಂಸತ್ತಿನವರೆಗೂ ಹೋದರು, ಸಿಗಲಿಲ್ಲ. ಪಕೋಡವಂತೂ ಈಗ ಇಲ್ಲಿನವರದೇ ತಿಂಡಿ, ಗುಲಾಬಿ ಬಣ್ಣದ ಸಾಸ್ ಜೊತೆ ಕೊಡುತ್ತಾರೆ. ದೋಸೆಯ ನಿರೀಕ್ಷೆ ಇಟ್ಟುಕೊಳ್ಳದೆ ಹೋದರೆ ಖುಷಿಯಾಗಿ ಬರುತ್ತೀರಿ.

ಹಬ್ಬ ಮಾಡುವುದಾದರೆ

ಏಪ್ರಿಲ್ ಕೊನೆಗೆ ಸ್ಪೇಸೈಡ್ ವಿಸ್ಕಿ ಉತ್ಸವ, ಮೇ ಕೊನೆಗೆ ಐಲಾ ದ್ವೀಪದ ಫೇಶ್ ಈಲ ಎಂಬ ಉತ್ಸವ. ಐಲಾಗೆ ಹಡಗು ಮತ್ತು ರೂಮು ತಿಂಗಳುಗಳ ಮೊದಲೇ ಹಿಡಿಯಬೇಕು. ಡಿಸೆಂಬರ್ 31 ಹಾಗ್ಮನೇ. ನಡುರಾತ್ರಿಯ ನಂತರ ಮನೆಗೆ ಮೊದಲು ಕಾಲಿಡುವವರು ಕಪ್ಪು ಕೂದಲಿನ ಗಂಡಸಾದರೆ ಅದೃಷ್ಟ ಎಂದು ನಂಬಿಕೆ. ಕೈಯಲ್ಲಿ ಇದ್ದಿಲು, ಶಾರ್ಟ್‌ಬ್ರೆಡ್, ವಿಸ್ಕಿ ಇರಬೇಕು. ನಮ್ಮ ಪಕ್ಕದ ಮನೆಯ ಅಜ್ಜಿ ವರ್ಷವರ್ಷ ನನ್ನ ಗಂಡನನ್ನೇ ಕರೆಯುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಜನವರಿ 25ರ ಬರ್ನ್ಸ್ ರಾತ್ರಿ. 1759ರಲ್ಲಿ ಅಂದು ಹುಟ್ಟಿದ ಕವಿ ರಾಬರ್ಟ್ ಬರ್ನ್ಸ್ ಹೆಸರಿನ ಊಟ. ಅವನು ತೀರಿಕೊಂಡು ಐದು ವರ್ಷವಾದ ಮೇಲೆ, 1801ರಲ್ಲಿ, ಗೆಳೆಯರು ಅವನು ಹುಟ್ಟಿದ ಮನೆಯಲ್ಲಿ ಸೇರಿ ಉಂಡದ್ದು ಮೊದಲನೆಯದು. ಹೋಟೆಲ್ಲುಗಳಲ್ಲಿ ಟಿಕೆಟ್ ಇಟ್ಟು ಮಾಡುತ್ತಾರೆ, ಆದರೆ ಮನೆಯಲ್ಲೂ ಕಷ್ಟವಿಲ್ಲ. ನಾವು ನಾಲ್ಕು ಕನ್ನಡ ಸಂಸಾರಗಳು ಸೇರಿ ಮಾಡುವುದು ಹೀಗೆ.

ಹ್ಯಾಗಿಸ್ ಅಂಗಡಿಯಲ್ಲಿ ಬೆಂದೇ ಬಂದಿರುತ್ತದೆ, ಬಿಸಿ ಮಾಡಿದರೆ ಸಾಕು. ಪ್ಲಾಸ್ಟಿಕ್ ಹೊರಹೊದಿಕೆ ತೆಗೆದು, ಫಾಯಿಲ್‌ನಲ್ಲಿ ಸುತ್ತಿ, ಸ್ವಲ್ಪ ನೀರಿರುವ ತಟ್ಟೆಯಲ್ಲಿಟ್ಟು ಓವನ್‌ನಲ್ಲಿ 180 ಡಿಗ್ರಿಗೆ ಇಡಿ. 450 ಗ್ರಾಮಿನದಕ್ಕೆ ಸುಮಾರು ಒಂದು ಗಂಟೆ, ಪ್ಯಾಕೆಟ್ ಮೇಲಿನ ಹೊತ್ತೇ ಅಂತಿಮ. ಜೋರಾಗಿ ಕುದಿಸಿದರೆ ಒಡೆಯುತ್ತದೆ, ನಮ್ಮದು ಮೊದಲ ವರ್ಷ ಒಡೆದು ಪಾತ್ರೆಯೆಲ್ಲ ಗಂಜಿಯಾಗಿತ್ತು. ಅಷ್ಟರಲ್ಲಿ ನೀಪ್, ಟ್ಯಾಟಿ ಬೇರೆಬೇರೆ ಬೇಯಿಸಿ ಬೆಣ್ಣೆ ಹಾಕಿ ಹಿಸುಕಿಡಿ. ನೀಪ್ ಕತ್ತರಿಸಲು ಒಳ್ಳೆಯ ಚಾಕು ಬೇಕು, ಗಡ್ಡೆ ಕಲ್ಲಿನ ಹಾಗಿರುತ್ತದೆ.

ಎಲ್ಲರೂ ಕೂತ ಮೇಲೆ ಒಂದು ಚಿಕ್ಕ ಪ್ರಾರ್ಥನೆ. ಕೆಲವರಿಗೆ ಊಟ ಇದೆ, ತಿನ್ನಲು ಆಗದು; ಕೆಲವರಿಗೆ ತಿನ್ನಲು ಆಸೆ, ಊಟ ಇಲ್ಲ; ನಮಗೆ ಎರಡೂ ಇದೆ, ದೇವರು ದೊಡ್ಡವನು ಎಂದು ಅದರ ತಿರುಳು. ಆಮೇಲೆ ಎಲ್ಲರೂ ಎದ್ದು ನಿಲ್ಲಬೇಕು. ಬ್ಯಾಗ್‌ಪೈಪ್ ಊದುತ್ತಾ ಹ್ಯಾಗಿಸ್ ತಟ್ಟೆ ಮೆರವಣಿಗೆಯಲ್ಲಿ ಬರುತ್ತದೆ. ನಮ್ಮಲ್ಲಿ ಪೈಪ್ ಇಲ್ಲ, ಫೋನಿನಲ್ಲಿ ಹಾಕುತ್ತೇವೆ. ಒಬ್ಬರು ಬರ್ನ್ಸ್ 1786ರಲ್ಲಿ ಹ್ಯಾಗಿಸನ್ನೇ ಕರೆದು ಬರೆದ ಪದ್ಯ ಓದಬೇಕು. ಚಾಕುವಿನ ಸಾಲು ಬಂದಾಗ ಹ್ಯಾಗಿಸ್‌ಗೆ ಗಕ್ಕನೆ ಚಾಕು ಹಾಕುವುದು. ಒಳಗಿನ ಹಬೆ ಬುಸ್ಸೆಂದು ಬರುತ್ತದೆ, ಮುಖ ದೂರ ಇರಲಿ. ಹಳೆಯ ಸ್ಕಾಟ್ಸ್ ಮಾತು ನಮ್ಮ ಬಾಯಿಗೆ ಹೊರಳುವುದಿಲ್ಲ. ಆದರೂ ಓದುತ್ತೇವೆ, ಮಕ್ಕಳು ನಮ್ಮನ್ನು ತಿದ್ದುತ್ತಾರೆ. ಅವರು ಇಲ್ಲಿಯ ಶಾಲೆಯಲ್ಲಿ ಕಲಿತವರು. ಲೋಟ ಎತ್ತಿ 'ಸ್ಲಾಂಜ ವಾ' ಅನ್ನಿ, ನಿಮ್ಮ ಆರೋಗ್ಯಕ್ಕೆ ಎಂದರ್ಥ, ಗೇಲಿಕ್ ಭಾಷೆಯದು. ಅರ್ನ್ ಬ್ರೂ ಲೋಟವಾದರೂ ನಡೆಯುತ್ತದೆ.

ಸಸ್ಯಾಹಾರಿ ಹ್ಯಾಗಿಸ್ ಒಂದು ಜಾಸ್ತಿಯೇ ತಂದಿರಿ. ಉಳಿದದ್ದನ್ನು ಮರುದಿನ ಬೆಳಿಗ್ಗೆ ಬಾಣಲೆಗೆ ಹಾಕಿ, ಸಾಸಿವೆ, ಹಸಿಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಉದುರಾಗಿ ಹುರಿಯಿರಿ. ಉಳಿದ ಟ್ಯಾಟಿಯನ್ನೂ ಅದಕ್ಕೇ ಸೇರಿಸಿ, ಪಲ್ಯದ ಹಾಗೆ ದೋಸೆಯೊಳಗೆ ಇಟ್ಟು ತಿನ್ನಿ. ದೋಸೆ ಹಿಟ್ಟು ಹಿಂದಿನ ದಿನವೇ ರುಬ್ಬಿ ಬಾಯ್ಲರ್ ಹತ್ತಿರ ಇಟ್ಟಿರಬೇಕು, ಜನವರಿಯ ಚಳಿಯಲ್ಲಿ ಬೇರೆಲ್ಲಿಟ್ಟರೂ ಹುಳಿ ಬರುವುದಿಲ್ಲ.